ಒಂದೇ ಅಚ್ಚಿನಲ್ಲಿ ನಾಲ್ಕು ದೋಣಿ

ಬಸ್ಸು ಸಡಾದ ಗುಡ್ಡ ಇಳಿದು ವಾಸ್ಕೋ ಪೇಟೆ ದಾಟುವವರೆಗೂ ಜುನೇದ ಪಕ್ಕದಲ್ಲಿ ಕುಳಿತಿದ್ದ ಪರಮಣ್ಣನ ಮುಖ ನೋಡಲಿಲ್ಲ. ಕಿಟಕಿಯ ಗಾಜಿನ ಮೇಲೆ ಮಳೆ ಓರೆಯಾಗಿ ಹರಿಯುತ್ತಿತ್ತು. ಅದರಲ್ಲೂ ಪರಮಣ್ಣನ ಮುಖವೇ ಮಸುಕಾಗಿ ಮೂಡುತ್ತಿದ್ದರಿಂದ ಅತ್ತ ತಿರುಗುವಂತೆಯೂ ಇರಲಿಲ್ಲ. ತೊಡೆಯ ಮೇಲಿನ ಊಟದ ಡಬ್ಬಿಯಲ್ಲಿ ಕಣ್ಣು ನೆಟ್ಟು ಕುಳಿತ. ಪರಮಣ್ಣ ನಿರಾಳವಾಗಿದ್ದ. ಬಾಗಲಕೋಟೆಯ ಬಸ್ಸಿಗೆ ಟಿಕೀಟು ತೆಗೆಸಿದ್ದಾಗಿದೆ, ಇಪ್ಪತ್ತಾರಕ್ಕೆ ಹೊರಟರೆ ಪಂಚಮಿಗೆ ಎರಡು ದಿನ ಇರುವಾಗಲೇ ತಂಗಿಯ ಊರು ಮುಟ್ಟಬಹುದು, ಅವಳನ್ನು ತವರಿಗೆ ಕರೆದುಕೊಂಡು ಹೋಗಿ, ಹಬ್ಬ ಮುಗಿಸಿ, ಮೂವತ್ತೊಂದಕ್ಕೆ ತಿರುಗಿ ಬಂದರಾಯಿತು ಎಂದು ಮಳೆಯ ಸದ್ದಿನ ಮೇಲೆ ದನಿ ಏರಿಸಿ ಹೇಳುತ್ತಿದ್ದ. ಅವನು ಹೋಗದೆ ನಾಲ್ಕು ವರ್ಷವಾಗಿತ್ತು. ಆ ಕಡೆಯ ಊರುಗಳಲ್ಲಿ ಅಣ್ಣ ಬಂದು ಕರೆಯದ ಹೊರತು ಹೆಣ್ಣುಮಗಳು ಪಂಚಮಿಗೆ ತಾನಾಗಿ ಹೊರಡುವುದಿಲ್ಲ. ಹೋದ ವರ್ಷ ತಂಗಿ ಲಕ್ಷ್ಮವ್ವ ಕೈಚೀಲ ಕಟ್ಟಿಟ್ಟುಕೊಂಡು ಸಂಜೆಯವರೆಗೆ ಕಟ್ಟೆಯ ಮೇಲೆ ಕುಳಿತಿದ್ದಳಂತೆ. ನಿಮ್ಮಣ್ಣನನ್ನು ಗೋವೆಯ ಮೀನು ನುಂಗಿರಬೇಕು ಎಂದು ಅತ್ತೆ ನಕ್ಕಳಂತೆ.

"ತಮ್ಮಾ, ನೀ ಹೂಂ ಅಂದ ದಿನಾನ ಆಕಿಗೆ ಫೋನ್ ಹಚ್ಚಿ ಹೇಳೀನಿ," ಎಂದ ಪರಮಣ್ಣ. "ಆಕಿ ನಂಬಲಿಲ್ಲ. ಆಫೀಸಿನವರ ಹೇಳ್ಯಾರಬೇ ಅಂದೆ. ಆಮ್ಯಾಲ ನಂಬಿದ್ಲು."

ಜುನೇದ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದ. ಆಫೀಸಿನವರು ಎಂದರೆ ತಾನು. ಸಡಾದಿಂದ ಕುಠ್ಠಾಳಿಯವರೆಗೆ ಅವನು ತಮ್ಮ, ಕಾರ್ಖಾನೆಯ ಗೇಟು ದಾಟಿದ ಮೇಲೆ ಸಾಹೇಬ. ಅಪ್ಪನ ವಾರಿಗೆಯವನ ಬಾಯಲ್ಲಿ ಹೀಗೆ ದಿನಕ್ಕೆರಡು ಬಾರಿ ಹಿರಿಯನೂ ಕಿರಿಯನೂ ಆಗುವುದು ಅವನಿಗೆ ಯಾವಾಗಲೂ ಮುಜುಗರ. ಇವತ್ತು ಮಾತ್ರ ಗೇಟು ಬೇಗ ಬರಲಿ ಅನಿಸಿತು. ಸಾಹೇಬನಾದರೆ ಮಾತಾಡದೆ ಇರಬಹುದು.

ಗೇಟಿನ ಆಚೆ ಜುವಾರಿ ನದಿಯ ದಂಡೆಗೆ ಎರಡು ಶೆಡ್ಡು. ಮೀನುಗಾರರಿಗೆ ಫೈಬರ್ ದೋಣಿ ಮಾಡಿಕೊಡುವ ಜಾಗ. ದೊಡ್ಡ ಶೆಡ್ಡಿನ ನಡುವೆ ಮೂವತ್ತೆರಡು ಅಡಿಯ ಅಚ್ಚು, ಹೊರಗೆ ಒರಟು, ಒಳಗೆ ಕನ್ನಡಿ. ಅದಕ್ಕೆ ಮೊದಲು ಮೇಣ, ಮೇಣದ ಮೇಲೆ ಬಣ್ಣದ ಮೊದಲ ಲೇಪ, ಆಮೇಲೆ ಗಾಜಿನೆಳೆಯ ಚಾಪೆಯ ಮೇಲೆ ಚಾಪೆ, ಪ್ರತಿಯೊಂದಕ್ಕೂ ರೆಸಿನ್ನೆಂಬ ಅಂಟುದ್ರವ ಕುಡಿಸಿ ರೋಲರಿನಿಂದ ಗಾಳಿಗುಳ್ಳೆ ಹೊರದೂಡಬೇಕು. ಗಟ್ಟಿಯಾದ ಮೇಲೆ ಎತ್ತಿದರೆ ದೋಣಿಯ ಮೈ. ಬೇಸಿಗೆಯಲ್ಲಿ ಏಳು ದಿನದ ಕೆಲಸ, ಮಳೆಗಾಲದ ತೇವದಲ್ಲಿ ಹತ್ತು. ಹಲಗೆ, ಮೋಟರಿನ ಪಟ್ಟಿ ಎಂದು ಕೊನೆಗೆ ಇನ್ನು ಮೂರು. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಮೀನು ಹಿಡಿಯಲು ಸರಕಾರದ ನಿಷೇಧ. ಹಾಗಾಗಿ ಎಲ್ಲರೂ ದೋಣಿ ಕೇಳುವುದು ಅದೇ ತಿಂಗಳುಗಳಲ್ಲಿ. ಯಾವ ದೋಣಿ ಯಾವ ದಿನ ಅಚ್ಚಿಗೆ ಇಳಿಯಬೇಕು, ಯಾವ ದಿನ ಏಳಬೇಕು ಎಂದು ಕಂಪ್ಯೂಟರಿನಲ್ಲಿ ಹಾಕಿ ಗೋಡೆಗೆ ಅಂಟಿಸುವುದು ಜುನೇದನ ಕೆಲಸ. ಇಂದು ಜುಲೈ ಎಂಟು. ಮಧ್ಯಾಹ್ನದೊಳಗೆ ಹೊಸ ಕಾಗದ ಗೋಡೆಗೆ ಬರಬೇಕೆಂದು ಮಾಲೀಕ ರೊಸಾರಿಯೊ ಬಾಬ್ ನಿನ್ನೆಯೇ ಹೇಳಿ ಹೋಗಿದ್ದರು.

ಕಂಪ್ಯೂಟರು ಹಚ್ಚಿದ. ನಾಲ್ಕು ಹಸಿರು ಪಟ್ಟಿಗಳು ಒಂದರ ಕೆಳಗೊಂದು ಬಂದು ನಿಂತವು. ಉಳಿದ ನಾಲ್ಕು ದೋಣಿಗಳು. ನಾಲ್ಕೂ ಜುಲೈ ಹತ್ತೊಂಬತ್ತಕ್ಕೆ ಅಚ್ಚಿಗೆ ಇಳಿಯುತ್ತವೆ, ನಾಲ್ಕೂ ಇಪ್ಪತ್ತೊಂಬತ್ತಕ್ಕೆ ಏಳುತ್ತವೆ, ನಾಲ್ಕೂ ಮೂವತ್ತೊಂದಕ್ಕೆ ನೀರಿಗೆ ಸಿದ್ಧ. ಇರುವ ಒಂದೇ ಅಚ್ಚಿನಲ್ಲಿ ನಾಲ್ಕು ದೋಣಿಗಳು ಒಂದೇ ಹೊತ್ತಿಗೆ, ಒಂದಕ್ಕೊಂದು ತಾಗದೆ, ದೇವರುಗಳ ಹಾಗೆ ಕುಳಿತಿದ್ದವು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕವಿತ್ತು: ಯಂತ್ರದ, ಜನರ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಎಂದು ಅದು ಕೇಳುತ್ತದೆ. ಗುರುತು ಹಾಕಿದರೆ ದೋಣಿಗಳು ಸರದಿಯಲ್ಲಿ ನಿಂತು ಕಾಯುತ್ತವೆ. ಗುರುತು ತೆಗೆದರೆ ಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ, ಜಾಗ ಇದೆಯೋ ಇಲ್ಲವೋ ನೋಡದೆ, ಎಲ್ಲರನ್ನೂ ಕೂರಿಸಿಬಿಡುತ್ತದೆ. ಮಿತಿಯಿಲ್ಲದ ಯೋಜನೆ ಸುಳ್ಳೇನಲ್ಲ, ಎಷ್ಟು ಹೊರೆ ಬೀಳಲಿದೆ ಎಂದು ತಿಳಿಯಲು ಮೊದಲು ಅದನ್ನೇ ನೋಡಬೇಕು ಎಂದು ಕಾಲೇಜಿನಲ್ಲಿ ಹೇಳಿದ್ದರು. ನೋಡಬೇಕು ಎಂದಿದ್ದರು. ಪ್ರಿಂಟು ತೆಗೆದು ಜನರ ಕೈಗೆ ಕೊಡು ಎಂದಿರಲಿಲ್ಲ.

ಜೂನಿನಲ್ಲೊಂದು ದಿನ, ಈ ದೋಣಿಗಳನ್ನು ಕೇಳಿ ಬಂದ ನಾಲ್ವರು ಮೀನುಗಾರರೂ ಇದೇ ಬೆಂಚಿನ ಮೇಲೆ ಕುಳಿತಿದ್ದರು, ತೊಯ್ದ ಛತ್ರಿಗಳನ್ನು ಮಂಡಿಯ ನಡುವೆ ಇಟ್ಟುಕೊಂಡು. ಬೇಕಾದ ದಿನ ಎಂಬಲ್ಲಿ ಜುನೇದ ತಾನಾಗಿಯೇ ನಾಲ್ವರಿಗೂ ಜುಲೈ ಮೂವತ್ತೊಂದು ತುಂಬಿದ. ಅಷ್ಟರೊಳಗೆ ಆಗದು ಎಂದು ಪರದೆ ಕೆಂಪಾಯಿತು. ಅವನು ತಡವರಿಸುತ್ತಿದ್ದುದನ್ನು ಕಂಡ ಪುಂಡಲೀಕ ಎಂಬವನು, ಕೊಂಕಣಿ ಇವನಿಗೆ ತಿಳಿಯದೆಂದು ಭಾವಿಸಿ, ಈ ಘಾಟಿಗೆ ಸಮುದ್ರದ ವಿಷಯ ಏನು ಗೊತ್ತು ಎಂದು ಪಕ್ಕದವನಿಗೆ ಹೇಳಿದ. ಬೈಗುಳವೇನೂ ಅಲ್ಲ; ಘಟ್ಟದ ಮೇಲಿನವರನ್ನು ಇಲ್ಲಿ ಹಾಗೆ ಕರೆಯುತ್ತಾರೆ, ಶಾಲೆಯಲ್ಲಿ ಅದು ಅವನಿಗೆ ಎರಡನೆಯ ಹೆಸರೇ ಆಗಿತ್ತು. ಆದರೂ ಕಿವಿ ಬಿಸಿಯಾಯಿತು. ಅದನ್ನು ಮರೆಸಲು ಪರದೆಯ ಕಡೆ ಬಾಗಿದ. ಬಾಗಿದವನು ಚೌಕದ ಗುರುತು ತೆಗೆದ. ಎಲ್ಲ ಹಸಿರಾಯಿತು. ಬೆಂಚಿನ ಮೇಲಿನ ಮುಖಗಳೂ ಸಡಿಲವಾದವು. ಯಾರನ್ನೋ ಗೆದ್ದ ಹಾಗೆ ಮೈ ಹಗುರಾಯಿತು. ಆ ಹಗುರದಲ್ಲೇ, ಸಂಜೆ ಬಾಗಿಲಲ್ಲಿ ನಿಂತು ಪಂಚಮಿಗೆ ಹೋಗಲೇ ಎಂದು ಕೇಳಿದ ಪರಮಣ್ಣನಿಗೆ, ಪರದೆಯತ್ತ ತಿರುಗಿಯೂ ನೋಡದೆ, ಹೂಂ ಹೋಗಿರಿ ಎಂದುಬಿಟ್ಟ.

ಹೂಂ ಅನ್ನುವುದು ಅಪ್ಪನಿಂದ ಬಂದ ರೋಗವಿರಬೇಕು. ಅಪ್ಪ ಉಸ್ಮಾನ ಬಂದರಿನಲ್ಲಿ ಹಮಾಲಿಯಾಗಿದ್ದಾಗ ಸಡಾದಲ್ಲಿ ಯಾರು ಏನು ಕೇಳಿದರೂ ಇಲ್ಲ ಎಂದವನಲ್ಲ. ಒಂದು ಭಾನುವಾರ ಒಬ್ಬರಿಗೆ ಚಾವಣಿಯ ಶೀಟು ಹೊದಿಸಲು ಬರುತ್ತೇನೆ ಎಂದಿದ್ದ, ಇನ್ನೊಬ್ಬರ ಮದುವೆಯ ಪಾತ್ರೆ ಹೊರಲು ಬರುತ್ತೇನೆ ಎಂದಿದ್ದ, ಮಗನನ್ನು ಹಡಗು ತೋರಿಸಲು ಕರೆದೊಯ್ಯುತ್ತೇನೆ ಎಂದಿದ್ದ. ಜುನೇದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತೇ ಇದ್ದ. ಸಂಜೆ ಅಪ್ಪ ಬಂದಾಗ ಎರಡೂ ಮನೆಯವರು ಅವನನ್ನು ಬೈದಿದ್ದರು, ಏಕೆಂದರೆ ಎರಡೂ ಕಡೆ ಅರ್ಧರ್ಧ ಮಾಡಿದ್ದ. ಆದರೆ ಅವನ ಮುಖದಲ್ಲಿ ಆಯಾಸದ ಜೊತೆಗೆ ಒಂದು ಹೆಮ್ಮೆಯೂ ಇತ್ತು, ಎಲ್ಲರಿಗೂ ಬೇಕಾದವನ ಹೆಮ್ಮೆ. ಅದನ್ನು ನೋಡಿದ ಮಗನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತೇನೋ. ಈಗ ಅಪ್ಪನ ಸೊಂಟ ಹಿಡಿದಿದೆ; ಮೊಮ್ಮಗಳು ಸಮ್ರೀನಳ ಎದುರು ಕುಳಿತು ಅವಳು ಕೊಟ್ಟ ಖಾಲಿ ಲೋಟದ ಚಹಾ ಕುಡಿಯುತ್ತಾನೆ, ಇನ್ನೊಂದು ಲೋಟಕ್ಕೂ ಹೂಂ ಎನ್ನುತ್ತಾನೆ.

ಶೆಡ್ಡಿನಿಂದ ರೆಸಿನ್ನಿನ ಘಾಟು ಬರತೊಡಗಿತು. ಹೊರಗೆ ಬಂದು ನೋಡಿದರೆ ಪರಮಣ್ಣ ಆಗಲೇ ಅಚ್ಚಿನ ಮೇಲೆ ಅಡ್ಡಹಲಗೆ ಹಾಕಿ ಅದರ ಮೇಲೆ ಬೋರಲಾಗಿ ಮಲಗಿ ಮೊದಲ ಲೇಪ ಬಳಿಯುತ್ತಿದ್ದ. ಯಾರೂ ಹೇಳಿರಲಿಲ್ಲ. ಹಸಿರು ಕಾಗದದ ಪ್ರಕಾರ ಹದಿನೆಂಟರವರೆಗೆ ಅಚ್ಚು ಖಾಲಿ ಇರಬೇಕಿತ್ತು. ಆದರೆ ಖಾಲಿ ಅಚ್ಚು ಎದುರಿಗಿರುವಾಗ ಪರಮಣ್ಣನಂಥವನು ಕಾಗದ ನೋಡಿಕೊಂಡು ಕೂರುವನೇ. ಗೋಡೆಯ ಬದಿಗೆ ಥಾವರಿಬಾಯಿ ನೆಲಕ್ಕೆ ಹಾಸಿದ ಗಾಜಿನೆಳೆಯ ಚಾಪೆಯನ್ನು ಕತ್ತರಿಸುತ್ತಿದ್ದಳು, ಮೂಗಿಗೆ ಸೆರಗು ಬಿಗಿದುಕೊಂಡು. ಲಮಾಣಿ ಹೆಂಗಸು, ಇಪ್ಪತ್ತು ವರ್ಷದಿಂದ ಇದೇ ಕತ್ತರಿ. ಯಾವ ಅಳತೆಯನ್ನೂ ಬರೆದುಕೊಂಡವಳಲ್ಲ. ಹತ್ತು ದಿನ ಬೇಕೇ ಬೇಕೇ, ಎಂಟರಲ್ಲಿ ಎತ್ತಲು ಬರುವುದಿಲ್ಲವೇ ಎಂದು ಜುನೇದ ಅವಳನ್ನು ಕೇಳಿದ; ಪರಮಣ್ಣನನ್ನು ಕೇಳುವ ಧೈರ್ಯ ಇರಲಿಲ್ಲ.

ಅವಳು ಕತ್ತರಿ ನಿಲ್ಲಿಸಲಿಲ್ಲ. "ಸಾಹೇಬ್ರ, ನಿಮ್ಮ ಕಂಪ್ಯೂಟರ್‌ನಾಗ ಮಳಿ ಬರತೈತೇನ್ರಿ?"

ಅಚ್ಚಿನೊಳಗಿಂದ ಪರಮಣ್ಣನ ನಗು ಕೇಳಿತು. ಜುನೇದನೂ ನಕ್ಕ, ನಗುತ್ತಲೇ ಒಳಗೆ ಬಂದ. ತನ್ನ ಕುರ್ಚಿಯಲ್ಲಿ ಕುಳಿತ ಮೇಲೂ ನಗು ಪೂರ್ತಿ ಹೋಗಲಿಲ್ಲ. ಬರುವುದಿಲ್ಲ ಎಂದು ಅವಳಿಗೆ ಉತ್ತರ ಕೊಡಬೇಕಿತ್ತು. ಮಳೆ ಬರುವುದಿಲ್ಲ, ಪಂಚಮಿ ಬರುವುದಿಲ್ಲ, ಲಕ್ಷ್ಮವ್ವನಿಗೆ ಅತ್ತೆ ಇರುವುದಿಲ್ಲ. ಚೌಕದಲ್ಲಿ ಗುರುತು ಹಾಕಿದ. ನಾಲ್ಕು ಪಟ್ಟಿಗಳು ಮೆಲ್ಲನೆ ಜಾರಿ ಮೆಟ್ಟಿಲಿನಂತೆ ಒಂದರ ಹಿಂದೊಂದು ನಿಂತವು. ಇಂದು ಇಳಿದ ಮೊದಲನೆಯದು ಜುಲೈ ಇಪ್ಪತ್ತಕ್ಕೆ ಸಿದ್ಧ. ಎರಡನೆಯದು ಮೂವತ್ತಕ್ಕೆ. ಮೂರನೆಯದು ಆಗಸ್ಟ್ ಒಂಬತ್ತು, ನಾಲ್ಕನೆಯದು ಹತ್ತೊಂಬತ್ತು. ಕೊನೆಯ ಎರಡು ಕೆಂಪು. ಕೆಂಪನ್ನು ನೋಡಿದರೆ ಆಗುವುದೆಂದು ಅವನು ಹೆದರಿದ್ದ ಯಾವುದೂ ಆಗಲಿಲ್ಲ. ಹಲ್ಲುನೋವಿನ ಜಾಗವನ್ನು ಕೊನೆಗೂ ನಾಲಿಗೆ ಮುಟ್ಟಿದಂತಿತ್ತು.

ಆದರೆ ಈ ಯೋಜನೆಯಲ್ಲಿ ಪರಮಣ್ಣ ಎಲ್ಲಿಗೂ ಹೋಗಿರಲಿಲ್ಲ. ಎರಡನೆಯ ದೋಣಿಯನ್ನು ಅಚ್ಚಿನಿಂದ ಬಿಡಿಸುವುದು, ಕೂಡಲೇ ಮೂರನೆಯದಕ್ಕೆ ಲೇಪ ಬಳಿಯುವುದು ಎಲ್ಲ ಆ ಪಂಚಮಿಯ ವಾರದಲ್ಲೇ ಬಿದ್ದಿತ್ತು. ಆ ಎರಡು ಕೆಲಸ ಬೇರೆ ಯಾರ ಕೈಗೂ ಬರದು. ಜುನೇದ ಇಪ್ಪತ್ತಾರರಿಂದ ಮೂವತ್ತೊಂದರವರೆಗಿನ ಆರು ದಿನಗಳನ್ನು ಆರಿಸಿ ಮುಚ್ಚಿದ. ಪಟ್ಟಿಗಳು ಮತ್ತೆ ಜಾರಿದವು. ಆರು ದಿನದಲ್ಲಿ ಮೊದಲೆರಡು ದಿನ ರೆಸಿನ್ನು ತಾನಾಗಿ ಒಣಗುವ ದಿನಗಳು, ಯಾರೂ ಬೇಡ. ನಷ್ಟ ನಾಲ್ಕೇ ದಿನ. ಆದರೂ ಎರಡನೆಯ ದೋಣಿ ಆಗಸ್ಟ್ ಮೂರಕ್ಕೆ ಹೋಯಿತು, ಮೂರನೆಯದು ಹದಿಮೂರಕ್ಕೆ, ನಾಲ್ಕನೆಯದು ಇಪ್ಪತ್ತಮೂರಕ್ಕೆ. ಈಗ ಮೂರು ಕೆಂಪು. ಮುಚ್ಚಿದ ದಿನಗಳಿಗೆ ಕಾರಣ ಬರೆಯಿರಿ ಎಂದು ಕಂಪ್ಯೂಟರು ಕೇಳಿತು. ಅವನ ಬೆರಳುಗಳು ತಡವಿಲ್ಲದೆ ಅಚ್ಚಿನ ದುರಸ್ತಿ ಎಂದು ಬರೆದವು. ನಂಬುವಂಥ ಕಾರಣ. ಅಚ್ಚಿಗೆ ವರ್ಷಕ್ಕೊಮ್ಮೆ ಪಾಲಿಶು ಬೇಕೇ ಬೇಕು, ರೊಸಾರಿಯೊ ಬಾಬ್ ತಲೆಯೆತ್ತಿಯೂ ನೋಡುವುದಿಲ್ಲ, ಪರಮಣ್ಣ ಸುಖವಾಗಿ ಊರಿಗೆ ಹೋಗುತ್ತಾನೆ, ಯಾರಿಗೂ ಏನೂ ಕೆಡುಕಿಲ್ಲ. ಬರೆದ ಅಕ್ಷರಗಳನ್ನು ನೋಡುತ್ತ ಕುಳಿತ. ಅಚ್ಚಿಗೆ ದುರಸ್ತಿ ಬೇಕಾಗಬಹುದು, ದುರಸ್ತಿಗಾಗಿ ಅದು ಆರು ದಿನ ನಿಲ್ಲಬಹುದು. ಮನುಷ್ಯ ನಿಲ್ಲಬೇಕಾದರೆ ಅವನನ್ನು ಅಚ್ಚು ಎಂದು ಕರೆಯಬೇಕು. ಒಂದೊಂದೇ ಅಕ್ಷರ ಅಳಿಸಿದ. ಬೇರೇನನ್ನೂ ಬರೆಯದೆ ಹಾಗೇ ಪ್ರಿಂಟು ತೆಗೆದ. ಬಣ್ಣದ ಪಟ್ಟಿಗಳ ನಡುವೆ ಆರು ದಿನಗಳು ಬೆಳ್ಳಗೆ ಉಳಿದವು.

ರೊಸಾರಿಯೊ ಬಾಬ್ ಕಾಗದವನ್ನು ಮೇಜಿನ ಮೇಲೆ ಹರಡಿ ಕನ್ನಡಕವನ್ನು ಹಣೆಗೆ ಏರಿಸಿ ಓದಿದರು. ಎಪ್ಪತ್ತರ ಮುದುಕ, ಮರದ ದೋಣಿ ಮಾಡುತ್ತಿದ್ದ ಮನೆತನ. ಜುನೇದ ನಿಂತೇ ಇದ್ದ. ಜೂನಿನಲ್ಲಿ ಮಾಡಿದ್ದನ್ನು ಹೇಳಿಬಿಡಬೇಕೆಂದು ಬಸ್ಸಿನಿಂದ ಇಳಿದಾಗಿನಿಂದ ಕಟ್ಟಿಕೊಂಡಿದ್ದ ವಾಕ್ಯ ಕೊಂಕಣಿಯಲ್ಲಿ ಅರ್ಧಕ್ಕೇ ನಿಂತಿತು. ಮುದುಕ ಕೈಯೆತ್ತಿದರು. ಹಸಿರು ಕಾಗದ ಕಂಡಾಗಲೇ ನನಗೆ ಗೊತ್ತಾಗಿತ್ತು, ನನಗೆ ಹೇಳದೆ ಈ ಹುಡುಗ ಇನ್ನು ಮೂರು ಅಚ್ಚು ಎಲ್ಲಿಂದ ತಂದ ಎಂದು ಯೋಚಿಸಿದ್ದೆ ಎಂದರು. ನಾಲ್ಕು ಜನ ಎದುರಿಗೆ ಕುಳಿತಿದ್ದರಲ್ಲ, ಕಾಗದ ಚೆನ್ನಾಗಿತ್ತು, ನಾನೂ ಸಹಿ ಹಾಕಿದೆ ಎಂದರು. ಅದನ್ನು ಅವರು ಹೇಳಿದ ರೀತಿಯಲ್ಲಿ ಕ್ಷಮೆಯೂ ಇರಲಿಲ್ಲ, ಗದರಿಕೆಯೂ ಇರಲಿಲ್ಲ. ಒಂದೇ ಹಳ್ಳಕ್ಕೆ ಕಾಲಿಟ್ಟ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡಂತಿತ್ತು. ಆಮೇಲೆ ಬೆರಳಿನಿಂದ ಮೂವತ್ತೊಂದನ್ನು ತಟ್ಟಿ, ಈ ತಾರೀಖು ಯಾರು ಹೇಳಿದರು ಎಂದು ಕೇಳಿದರು. ಸರಕಾರದ ನಿಷೇಧ ಮುಗಿಯುವ ದಿನ ಎಂದ ಜುನೇದ. ಸರಕಾರ ಬಿಟ್ಟರೆ ಆಯಿತೇ, ಸಮುದ್ರ ಬಿಡಬೇಡವೇ; ಇವರು ನಾಲ್ವರೂ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಹಾಕದೆ ದೋಣಿ ಇಳಿಸುವವರಲ್ಲ, ಅದು ಈ ಸಲ ಆಗಸ್ಟ್ ಒಂಬತ್ತಕ್ಕೆ; ಸಡಾದಲ್ಲಿ ಹುಟ್ಟಿ ಇದು ತಿಳಿಯದೇ ಎಂದರು.

ತಿಳಿದಿತ್ತು. ಚಿಕ್ಕವನಿದ್ದಾಗ ಓರಗೆಯವರೊಂದಿಗೆ ಬಾಯ್ನಾ ದಂಡೆಗೆ ಓಡಿ, ಅಲೆ ತಿರುಗಿಸಿ ತಂದೊಗೆದ ಆ ತೆಂಗಿನಕಾಯಿಗಳನ್ನೇ ಆಯ್ದು, ಕಲ್ಲಿಗೆ ಒಡೆದು, ಉಪ್ಪುಪ್ಪಾದ ಕೊಬ್ಬರಿ ತಿಂದಿದ್ದ. ಯಾರು ಎಸೆದರು, ಏಕೆ ಎಸೆದರು, ಎಸೆದ ಮೇಲೆ ಏನು ಮಾಡಿದರು ಎಂದು ಕೇಳಿರಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ನಾಲ್ವರನ್ನೂ ಕೇಳಿರಲಿಲ್ಲ. ಪುಂಡಲೀಕ ಹೇಳಿದ್ದು ನಿಜವೇ ಇತ್ತು. ಅದಕ್ಕೇ ಅಷ್ಟು ಸುಟ್ಟಿತ್ತು. ಎರಡನೆಯ ದೋಣಿ ಹಾಗಾದರೆ ತಡವೇ ಅಲ್ಲ.

ಮುದುಕನ ಬೆರಳು ಈಗ ಬಿಳಿಯ ಜಾಗಕ್ಕೆ ಬಂದಿತ್ತು. ಇದೊಂದು ಇರದಿದ್ದರೆ ಮೂರನೆಯದು, ಪುಂಡಲೀಕನ ದೋಣಿ, ಸರಿಯಾಗಿ ಹುಣ್ಣಿಮೆಗೆ ಸಿಗುತ್ತಿತ್ತು, ಇದೇನು ಎಂದರು.

"ಪರಮಣ್ಣ ತಂಗಿಯನ್ನು ಕರೆತರಲು ಊರಿಗೆ ಹೋಗುತ್ತಾನೆ," ಎಂದ ಜುನೇದ. "ನಾನು ಹೂಂ ಎಂದಿದ್ದೇನೆ."

ಅದೇ ಜಾಗದಲ್ಲಿ ಅಚ್ಚಿನ ದುರಸ್ತಿ ಎಂಬ ಮಾತು ಎಷ್ಟು ಮೆತ್ತಗೆ ಕುಳಿತಿರುತ್ತಿತ್ತು ಎಂದು ಅವನಿಗೆ ಅನಿಸದೆ ಇರಲಿಲ್ಲ. ಹೊರಗೆ ತಗಡಿನ ಮೇಲೆ ಮಳೆ ಜೋರಾಗಿ, ಮತ್ತೆ ಕಡಿಮೆಯಾಯಿತು. ಸಮಜಾಯಿಷಿಯ ಮಾತು ಸೇರಿಸದೆ ತಾನು ನಿಂತಿರುವುದು ಜುನೇದನಿಗೇ ಆಶ್ಚರ್ಯವಾಗಿ ಕಂಡಿತು. ಹದಿನಾರು ವರ್ಷದಿಂದ ಇದ್ದಾನೆ, ಅವನಿಗೊಬ್ಬ ತಂಗಿ ಇದ್ದಾಳೆಂದು ನನಗೆ ಗೊತ್ತಿಲ್ಲ ಎಂದು ಕೊನೆಗೆ ರೊಸಾರಿಯೊ ಬಾಬ್ ತಮ್ಮಷ್ಟಕ್ಕೇ ಹೇಳಿಕೊಂಡರು. ಕನ್ನಡಕ ಇಳಿಸಿ ಕಾಗದದ ಮೂಲೆಗೆ ಸಹಿ ಹಾಕಿದರು. ನಾಲ್ವರಿಗೂ ನೀನೇ ಫೋನು ಮಾಡು, ಬೈಗುಳ ಬಂದರೆ ಅದೂ ನಿನ್ನದೇ ಎಂದರು.

ಮೊದಲಿನ ಇಬ್ಬರದು ತೊಂದರೆಯಾಗಲಿಲ್ಲ; ಇಪ್ಪತ್ತಕ್ಕೆ ದೋಣಿ ಸಿಗುತ್ತದೆಂದು ಕೇಳಿ ಒಬ್ಬನಿಗೆ ಅಷ್ಟು ಬೇಗ ಅದನ್ನು ಎಲ್ಲಿಡುವುದು ಎಂಬುದೇ ಚಿಂತೆಯಾಯಿತು. ನಾಲ್ಕನೆಯವನು ತಾರೀಖು ಕೇಳಿದವನೇ, ಬೇಡ, ನಾನು ಮಲ್ಪೆಯ ಕಡೆ ನೋಡುತ್ತೇನೆ ಎಂದು ಇಟ್ಟುಬಿಟ್ಟ. ಆ ದೋಣಿ ಹೋಯಿತು. ಕಾಗದದ ಕೊನೆಯ ಪಟ್ಟಿಯ ಮೇಲೆ ಜುನೇದ ಗೀಟು ಎಳೆದ. ನೋವಾಯಿತು, ಆದರೆ ಅದು ಅಳತೆಯುಳ್ಳ ನೋವು. ಪುಂಡಲೀಕನ ನಂಬರನ್ನು ಕೊನೆಗೆ ಇಟ್ಟುಕೊಂಡಿದ್ದ. ಹದಿಮೂರು ಎಂದ ಕೂಡಲೇ ಅವನು ಹರಿಹಾಯ್ದ: ತಾರೀಖು ಹೇಳುವುದು, ಹಬ್ಬಕ್ಕೆ ಊರಿಗೆ ಓಡುವುದು, ಘಾಟಿಗಳ ಕೆಲಸವೇ ಇಷ್ಟು. ಜುನೇದ ಕೊಂಕಣಿಯಲ್ಲೇ, ಓಡುವುದಲ್ಲ, ನಮ್ಮ ಪರಮಣ್ಣ ಹೇಳಿ ಹೋಗುತ್ತಿದ್ದಾನೆ, ನಾಲ್ಕು ವರ್ಷದ ಮೇಲೆ ತಂಗಿಯನ್ನು ಕರೆತರಲು, ನಿಮ್ಮ ದೋಣಿ ಅದಕ್ಕೇ ನಾಲ್ಕು ದಿನ ತಡ ಎಂದ. ಆ ಕಡೆ ಟಿವಿಯ ಸದ್ದು ಮಾತ್ರ ಕೇಳುತ್ತಿತ್ತು. ಪುಂಡಲೀಕ, ಇವನಿಗೆ ಕೊಂಕಣಿ ಬರುತ್ತದೆಂಬುದನ್ನು ಅರಗಿಸಿಕೊಳ್ಳುತ್ತಿದ್ದನೋ ಏನೋ. ಆಮೇಲೆ, ಈ ಹದಿಮೂರು ಜೂನಿನಲ್ಲಿ ಕೊಟ್ಟಂಥ ತಾರೀಖೋ ಬೇರೆಯದೋ ಎಂದು ಕೇಳಿದ. ಬೇರೆಯದು ಎಂದ ಜುನೇದ. ಹಾಗಾದರೆ ತೆಂಗಿನಕಾಯಿಯನ್ನು ಹಳೆಯ ದೋಣಿಯಿಂದಲೇ ಹಾಕುತ್ತೇನೆ, ಯಾವ ದೋಣಿಯಿಂದ ಬಿತ್ತು ಎಂದು ಸಮುದ್ರ ತಿರುಗಿ ನೋಡುವುದಿಲ್ಲ ಎಂದು ಹೇಳಿ, ಮತ್ತೆ ನೆನಪಾದವನಂತೆ ಇನ್ನೊಂದು ಬೈಗುಳ ಬೈದು ಫೋನು ಇಟ್ಟ.

ಕಾಗದವನ್ನು ಶೆಡ್ಡಿನ ಗೋಡೆಗೆ ಅಂಟಿಸುತ್ತಿರುವಾಗ ಪರಮಣ್ಣ ಕೈ ಒರೆಸುತ್ತ ಹಿಂದೆ ಬಂದು ನಿಂತ. ಅಕ್ಷರ ಬರದವನು, ಆದರೆ ಪ್ರತಿ ಸಲ ಬಂದು ನೋಡುತ್ತಾನೆ. ಇಂದು ಹೇಳಲೇಬೇಕಿತ್ತು. ಆವತ್ತು ತಾನು ಪರದೆ ನೋಡದೆಯೇ ಹೂಂ ಎಂದದ್ದು, ಇಂದು ಬೆಳಿಗ್ಗೆಯವರೆಗೂ ಅದು ಉಳಿಯುತ್ತದೆಂದು ತನಗೇ ನಂಬಿಕೆ ಇರಲಿಲ್ಲವೆಂಬುದು, ಎಲ್ಲವನ್ನೂ ಜುನೇದ ಗೋಡೆಯ ಕಡೆ ಮುಖ ಮಾಡಿಯೇ ಹೇಳಿ ಮುಗಿಸಿದ.

"ಗೊತ್ತೈತ್ರಿ," ಎಂದ ಪರಮಣ್ಣ. "ನೋಡಿದ್ರ ನೀವು ಇಲ್ಲಾ ಅಂತಿದ್ರಿ. ಅದಕ್ಕ ನೀವು ನೋಡೂಕಿಂತ ಮೊದಲ ಕೇಳೀನಿ."

ಜುನೇದ ತಿರುಗಿದ. ಪರಮಣ್ಣನ ಮುಖದಲ್ಲಿ ನಗು ಇರಲಿಲ್ಲ, ಕಣ್ಣಿನಲ್ಲಿ ಮಾತ್ರ ಸ್ವಲ್ಪ ಇತ್ತು. ಇಷ್ಟು ದಿನ ತಾನೊಬ್ಬನೇ ಹೊತ್ತು ತಿರುಗಿದ ಸುಳ್ಳಿಗೆ ಇನ್ನೊಂದು ಹೆಗಲೂ ಇತ್ತು. ಆ ಹೆಗಲು ದಿನಾ ಬಸ್ಸಿನಲ್ಲಿ ತನಗೆ ತಾಗಿಕೊಂಡೇ ಕುಳಿತಿತ್ತು. ಸಿಟ್ಟು ಬರಬೇಕಿತ್ತು. ಬದಲಿಗೆ ಒಳಗೆ ಏನೋ ಸಡಿಲವಾಗಿ ಇಳಿಯಿತು.

"ಇದರಾಗ ನಾ ಎಲ್ಲಿ ಅದೀನ್ರಿ?"

ಜುನೇದ ಬಿಳಿಯ ಜಾಗ ತೋರಿಸಿದ.

"ಇಲ್ಲೇನೂ ಇಲ್ಲಲ್ರಿ."

"ಅದ ನೀವು, ಕಾಕಾ."

ಪರಮಣ್ಣ ಬಗ್ಗಿ ಅದನ್ನು ಬಹಳ ಹೊತ್ತು ನೋಡಿದ, ಮುಟ್ಟಲಿಲ್ಲ. ಕೈಗೆ ಇನ್ನೂ ಬಣ್ಣದ ಅಂಟು ಇತ್ತು. ಆರು ದಿನ ಅಂದರೆ ಕಾಗದದ ಮೇಲೆ ಇಷ್ಟೇ ಇಷ್ಟು ಎಂದು ಥಾವರಿಬಾಯಿಗೆ ಕೂಗಿ ಹೇಳಿದ. ಅಷ್ಟರಲ್ಲಿ ತಿರುಗಿ ಬರದಿದ್ದರೆ ನಾನೇ ಬಳಿಯುತ್ತೇನೆ ನೋಡು ಎಂದಳು ಅವಳು. ಪರಮಣ್ಣ ಅಚ್ಚಿನ ಬಳಿಗೆ ಹೋಗಿ ಲೇಪದ ಅಂಚನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ಮುಟ್ಟಿ ನೋಡಿದ. ಅಂಟುತ್ತಿತ್ತು, ಆದರೆ ಬಣ್ಣ ಬೆರಳಿಗೆ ಇನ್ನೂ ಹತ್ತುತ್ತಿತ್ತು. ಚಾಪೆ ಹಾಸಲು ಇನ್ನೊಂದು ತಾಸು ಎಂದ. ಥಾವರಿಬಾಯಿ ಕತ್ತರಿ ಕೆಳಗಿಟ್ಟು ಎಲೆಯಡಿಕೆಯ ಚೀಲ ಬಿಚ್ಚಿದಳು. ಪರಮಣ್ಣ ಒಂದು ಖಾಲಿ ಡ್ರಮ್ಮನ್ನು ಬೋರಲು ಹಾಕಿ ಕುಳಿತು, ಇನ್ನೊಂದನ್ನು ಕಾಲಿನಿಂದ ಜುನೇದನ ಕಡೆ ಉರುಳಿಸಿದ. ಆ ಒಂದು ತಾಸಿನಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಜುನೇದ ಡ್ರಮ್ಮನ್ನು ನಿಲ್ಲಿಸಿ ಅದರ ಮೇಲೆ ಕುಳಿತ. ಶೆಡ್ಡಿನ ತೆರೆದ ಬಾಗಿಲಿನಾಚೆ ನದಿಗೂ ಮಳೆಗೂ ಒಂದೇ ಬಣ್ಣ. ಲೇಪ ತನ್ನ ಪಾಡಿಗೆ ಗಟ್ಟಿಯಾಗುತ್ತಿತ್ತು.